ಕಷಾಯದ ಮಾವ

ಸುಳ್ಯದ ಪೇಟೆಯಲ್ಲಿ ಯಾರಾದರೂ ಸೀನಿದರೆಂದರೆ, ಆ ಧ್ವನಿ ಪಯಸ್ವಿನಿಯ ಆಚೆದಡವನ್ನು ಮುಟ್ಟುವುದಕ್ಕೆ ಮೊದಲೇ, ಬಗಲಲ್ಲಿ ಕೊಡೆಯನ್ನೂ ನಾಲಗೆಯ ತುದಿಯಲ್ಲಿ ಕಷಾಯದ ವಿಧಿಯನ್ನೂ ಸಿದ್ಧವಾಗಿರಿಸಿಕೊಂಡು ಪ್ರತ್ಯಕ್ಷರಾಗುವ ವೃದ್ಧರೊಬ್ಬರುಂಟು. ವಯಸ್ಸು 78. ಸ್ವಂತ ಹೆಸರು ಪಹಣಿಪತ್ರಕ್ಕೆ ಮಾತ್ರ ಗೊತ್ತು. ಊರಿಗೆಲ್ಲ ಅವರು ಕಷಾಯದ ಮಾವ.

“ಅಮೃತಬಳ್ಳಿ, ಶುಂಠಿ, ಒಳ್ಳೆಮೆಣಸು ಇಷ್ಟಿದ್ದರೆ ಸಾಕು ಭಾವ, ಯಮನೂ ಸಂಪಾಜೆಯಿಂದಲೇ ಮಡಿಕೇರಿಗೆ ತಿರುಗಿಯಾನು” ಎಂಬುದು ಅವರ ಸಿದ್ಧಾಂತ. ಆಟಿಯ ಅಮಾವಾಸ್ಯೆಯಂದಂತೂ ಸೂರ್ಯೋದಯಕ್ಕೆ ಮುನ್ನವೇ ಗುಡ್ಡಕ್ಕೆ ತೆರಳಿ, ಕಬ್ಬಿಣ ಸೋಕದಂತೆ ಕಲ್ಲಿನಿಂದಲೇ ಹಾಲೆಮರದ ತೊಗಟೆಯನ್ನು ಕೆತ್ತಿ ತಂದು, ಬೆಳ್ಳುಳ್ಳಿ, ಓಮಗಳೊಡನೆ ಸಂಸ್ಕರಿಸಿ, ಎದುರಿಗೆ ಸಿಕ್ಕಿದವರಿಗೆಲ್ಲ ಕುಡಿಸುವರು. ಗುರುತು ತಪ್ಪಿ ಕಾಸರಕನ ತೊಗಟೆ ತಂದರೆ ಅದು ವಿಷವೆಂದು ನೆನಪಿಸುವುದು ಮಾತ್ರ ನಾವು ಲೋಟವನ್ನು ಬರಿದುಮಾಡಿದ ಮೇಲೆ! ಹಿಂದೆಯೇ ಮೆಂತೆಗಂಜಿ ಬರುವುದೇನೋ ಸರಿ. ಆದರೆ ಕಳೆದ ವರ್ಷದ ಆ ಕಹಿ ನಾಗರಪಂಚಮಿಯವರೆಗೂ ನನ್ನ ಗಂಟಲನ್ನು ಬಿಟ್ಟಿರಲಿಲ್ಲ.

ಮಾವನಿಗೆ ಜಡ್ಡು ಬಂದುದನ್ನು ಕಂಡವರು ಕಡಿಮೆ. ಕೀರ್ತಿಯೆಲ್ಲ ಕಷಾಯಕ್ಕೆ ಸಂದಿದೆ. ಆದರೆ ಗುಡ್ಡದ ಮೇಲಣ ಮನೆಯಿಂದ ಕಣಿವೆಯ ತೋಟಕ್ಕೆ ದಿನಕ್ಕೆ ಮೂರು ಬಾರಿ ಇಳಿದು ಏರುವುದು, ಹೊಗೆಸೊಪ್ಪನ್ನು ಎಂದೋ ತ್ಯಜಿಸಿರುವುದು, ಕೈಕಾಲು ತೊಳೆಯದೆ ಜಗಲಿ ಹತ್ತದಿರುವುದು, ಗಂಜಿಯೊಡನೆ ಹೆಸರುಕಾಳಿನ ಪಲ್ಯವನ್ನೂ ಒಂದೆಲಗದ ತಂಬುಳಿಯನ್ನೂ ಬಿಡದೆ ಉಣ್ಣುವುದು, ರಾತ್ರಿ 9ಕ್ಕೆ ಗೊರಕೆ ಹೊಡೆಯುವುದು, ಹಗಲೆಲ್ಲ ಯಾರೊಡನಾದರೂ ಚರ್ಚೆಗೆ ನಿಲ್ಲುವುದು, ಇವಾವುವನ್ನೂ ಅವರು ಆರೋಗ್ಯದ ಲೆಕ್ಕಕ್ಕೆ ಹಿಡಿದವರಲ್ಲ. ನನ್ನ ಮಟ್ಟಿಗಾದರೆ ಯಮನನ್ನು ತಡೆದಿರುವುದು ಅಮೃತಬಳ್ಳಿಗಿಂತ ಆ ಗುಡ್ಡವೇ.

ಸೂಜಿಯೆಂದರೆ ಮಾತ್ರ ಅವರಿಗೆ ಪರಮವೈರ. ವಯಸ್ಸಾದಂತೆ ಎದೆಯೆಲುಬಿನ ಹಿಂದಣ ಥೈಮಸ್ ಗ್ರಂಥಿ ಕುಗ್ಗಿ, ರೋಗಾಣುಗಳನ್ನೆದುರಿಸುವ ಹೊಸ ಕಾವಲುಗಾರರು ಹುಟ್ಟುವುದು ವಿರಳವಾಗುವುದೆಂದೂ, ಆದಕಾರಣ ವೃದ್ಧರಿಗೆ ಫ್ಲೂ ಲಸಿಕೆ ಒಳ್ಳೆಯದೆಂದೂ ಡಾಕ್ಟರು ವಿವರಿಸಿದಾಗ ಮಾವ ಕಿಟಕಿಯಾಚೆ ಮೋಡವನ್ನು ನೋಡುತ್ತಿದ್ದರು. ಡಾಕ್ಟರೂ ಅಡಿಕೆ ತೋಟದವರೇ.

“ಮಾವ, ಕೊಳೆರೋಗಕ್ಕೆ ಮದ್ದು ಬಿಡುವುದು ಅಡಿಕೆ ಉದುರಿದ ಮೇಲೆಯೋ, ಮೊದಲೋ?”

“ಮಳೆ ಹಿಡಿಯುವ ಮೊದಲೇ ಬಿಡಬೇಕು ಡಾಕ್ಟ್ರೇ! 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಉದುರಿದ ಮೇಲೆ ಬಿಟ್ಟು ಏನು ಪ್ರಯೋಜನ ಉಂಟು?”

ಡಾಕ್ಟರು ಮತ್ತೇನೂ ಹೇಳಲಿಲ್ಲ. ಮಾವನೂ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಂಗಿಯ ತೋಳನ್ನು ನಿಧಾನವಾಗಿ ಮೇಲಕ್ಕೆ ಮಡಚಿದರು. ಸೂಜಿ ಹೊರಬಂದ ಮೇಲೆ, ತೋಟದ ಕ್ರಮ ತಪ್ಪಬಾರದೆಂಬ ಕಾಳಜಿಯಿಂದ, “ನಲವತ್ತೈದು ದಿನ ಕಳೆದು ಎರಡನೆಯದು ಬಿಡಬೇಕಷ್ಟೆ?” ಎಂದು ಕೇಳಿದರು.

“ಬೇಡ ಮಾವ, ಇದು ವರ್ಷಕ್ಕೆ ಒಂದೇ.”