ತಾಡಪತ್ರಿ ವಾಸ್ತು: ಗಡಿಸೀಮೆಯ ಸಂತೆಗಳ ಕುರಿತು ಒಂದು ಪ್ರೌಢಪ್ರಬಂಧ

೧. ವರ್ಗೀಕರಣ
ಸೂರುಳ್ಳ ಚಾರಿತ್ರಿಕ ಆಹಾರ ಮಾರುಕಟ್ಟೆಗಳಲ್ಲಿ ಎರಡು ಬಗೆ. ಸೂರು ಮೊದಲು ಎದ್ದು ವ್ಯಾಪಾರ ಆಮೇಲೆ ಒಳಹೊಕ್ಕದ್ದು ಒಂದು. ಬೆಂಗಳೂರಿನ 1927ರ ರಸೆಲ್ ಮಾರುಕಟ್ಟೆ ಇದಕ್ಕೆ ನಿದರ್ಶನ. ವ್ಯಾಪಾರ ಮೊದಲು ಕೂತು, ಬಿಸಿಲೇರಿದ ಮೇಲೆ ಸೂರು ಬಂದದ್ದು ಇನ್ನೊಂದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ವಾರದ ಸಂತೆಗಳು ಈ ಎರಡನೆಯ ಪಂಥಕ್ಕೆ ಸೇರಿದವು.

೨. ವಾಸ್ತು
ನಾಲ್ಕು ಗಳ, ಒಂದು ತಾಡಪತ್ರಿ, ಸಾಕಷ್ಟು ಹಗ್ಗ. ಹಗ್ಗದ ಒಂದು ತುದಿ ಪಕ್ಕದವರ ಗಳಕ್ಕೆ ಬಿಗಿದಿರುವುದರಿಂದ, ಒಬ್ಬರು ಬೇಗ ಮನೆಗೆ ಹೊರಟರೆ ಮೂವರ ಸೂರು ಕುಸಿಯುತ್ತದೆ. ಸಹಕಾರ ತತ್ವದ ಭೌತಿಕ ನಿರೂಪಣೆ ಇದೇ. ಎತ್ತರವನ್ನು ಕುಳಿತು ಮಾರುವವರ ತಲೆಯಿಂದ ಅಳೆಯಲಾಗಿದೆ. ಆದ್ದರಿಂದ ಪ್ರವಾಸಿಗ ಬದನೆಕಾಯಿಗೆ ತಲೆಬಾಗಿಯೇ ಒಳಬರಬೇಕು. ಮಳೆಗಾಲದಲ್ಲಿ ಸೂರಿನ ಹೊಟ್ಟೆಯಲ್ಲಿ ನಿಂತ ನೀರನ್ನು ಕೋಲಿನಿಂದ ಮೇಲೆತ್ತಿ ಹೊರಚೆಲ್ಲುತ್ತಾರೆ; ಅದು ಬೀಳುವ ಜಾಗದಲ್ಲಿ ಕ್ಯಾಮೆರಾ ಹಿಡಿದವರು ನಿಂತಿರುವುದು ವಾಡಿಕೆ.

೩. ಸರಕು
ಕೃಷ್ಣಾ ತೀರದ ಬದನೆ, ಅರಿಶಿಣ, ಶೇಂಗಾ, ಅಥಣಿ ಕಡೆಯ ಒಣದ್ರಾಕ್ಷಿ, ಚುರುಮುರಿ ಮುಖ್ಯವಾದವು. ಕಾಗವಾಡ ತಾಲ್ಲೂಕಿನ ಉಗಾರದಲ್ಲಿ ಸಕ್ಕರೆ ಕಾರ್ಖಾನೆಯಿದ್ದರೂ ಹೋಳಿಗೆಯ ವಿಷಯ ಬಂದಾಗ ಬೆಲ್ಲಕ್ಕೇ ಅಗ್ರಪೂಜೆ. ನಿಪ್ಪಾಣಿಯ ತಂಬಾಕು ಆಹಾರವೋ ಅಲ್ಲವೋ ಎಂಬ ಪ್ರಶ್ನೆಯನ್ನು ಊಟವಾದ ಮೇಲೆ ಎತ್ತುವುದು ಪದ್ಧತಿ. 2019ರಲ್ಲಿ ಭೌಗೋಳಿಕ ಗುರುತು ಪಡೆದ, ಅಥಣಿ–ನಿಪ್ಪಾಣಿ ಭಾಗದಲ್ಲೂ ತಯಾರಾಗುವ ಕೊಲ್ಹಾಪುರಿ ಚಪ್ಪಲಿ ತಿನ್ನುವ ವಸ್ತುವಲ್ಲ. ಹೊಸದಿದ್ದಾಗ ತಾನೇ ಕಚ್ಚುವುದರಿಂದ ಅದನ್ನು ಇದೇ ಅಧ್ಯಾಯದಲ್ಲಿ ಸೇರಿಸಿದೆ.

೪. ಅಳತೆ
1956ರಲ್ಲಿ ಈ ಸೀಮೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಮೆಟ್ರಿಕ್ ತೂಕ–ಅಳತೆಯ ಕಾಯ್ದೆಯೂ ಅದೇ ವರ್ಷದ್ದು. ಎರಡನ್ನೂ ಸಂತೆ ಗೌರವದಿಂದ ಸ್ವೀಕರಿಸಿ, ಎಂದಿನಂತೆ ಪಾವ ಕಿಲೋ, ದೀಡ ಕಿಲೋ ಎಂದು ಕನ್ನಡ–ಮರಾಠಿ ಬೆರೆಸಿ ತೂಗುತ್ತ ಬಂದಿದೆ.

೫. ಚೌಕಾಸಿ
ಇದು ಮೂರಂಕದ ನಾಟಕ. “ಹ್ಯಾಂಗ ಕೊಟ್ರಿ?” ಎಂಬುದು ಪೀಠಿಕೆ. “ಭಾಳ ಆತು ಬಿಡ್ರಿ” ಎಂದು ಎರಡು ಹೆಜ್ಜೆ ನಡೆಯುವುದು ಸಂಘರ್ಷ. “ಬರ್ರಿ ಅಕ್ಕಾರ, ಇನ್ನೂ ಬೋಣಿಗಿ ಆಗಿಲ್ಲ” ಎಂಬುದು ಮಂಗಳ. ಬೋಣಿಗಿ ಸಂಜೆ ಐದರವರೆಗೂ ಆಗದಿರಬಹುದು. ಕೊನೆಗೆ ಸಿಗುವ ಹಿಡಿ ಕೊತಂಬರಿ ದರದಲ್ಲಿ ಸೇರಿಲ್ಲ. ಅದನ್ನು ಕೇಳದೆ ಹೋದವರನ್ನು ಬೆಂಗಳೂರಿನವರೆಂದು ಗುರುತಿಸಲಾಗುತ್ತದೆ.

೬. ಸಂರಕ್ಷಣೆ
ಪುರಾತತ್ವ ಇಲಾಖೆಯ ನೀಲಿ ಫಲಕ ನೆಡಲು ಇಲ್ಲಿ ಗೋಡೆಯಿಲ್ಲ. ಬೆಳಿಗ್ಗೆ ಎದ್ದು ಸಂಜೆ ಮಡಚಿಕೊಳ್ಳುವ ಕಟ್ಟಡಕ್ಕೆ ಜೀರ್ಣೋದ್ಧಾರದ ಖರ್ಚೂ ಇಲ್ಲ. ಕಟ್ಟಡ ಉಳಿಸಿಕೊಂಡು ವ್ಯಾಪಾರ ಕಳೆದುಕೊಂಡ ಮಾರುಕಟ್ಟೆಗಳಿಗಿಂತ ಇದು ಲೇಸೆಂಬುದೇ ಈ ಪ್ರಬಂಧದ ನಿರ್ಣಯ. ಸಂದರ್ಶಕರು ಸಂತೆಯ ವಾರ ಕೇಳಿಕೊಂಡು ಬರತಕ್ಕದ್ದು, ಚೀಲ ತಮ್ಮದೇ ತರತಕ್ಕದ್ದು.