ಹರಿಗೋಲು ಹಣ್ಣಾಯಿತು, ಮುಂದೆ?

ಹಾಯಿದೋಣಿ ಬದಲಿಸುವವರು ಮೊದಲು ಗಾಳಿಯ ಲೆಕ್ಕ ಹಾಕುತ್ತಾರೆ. ಸಿರುಗುಪ್ಪದ ಕಡೆ ತುಂಗಭದ್ರೆಯ ದಂಡೆಯಲ್ಲಿ ಹರಿಗೋಲು ಬದಲಿಸುವವರ ಲೆಕ್ಕವೇ ಬೇರೆ: ಎಷ್ಟು ಜನ, ಎಷ್ಟು ಕುರಿ, ಬೈಕ್ ಹಿಡಿಯುತ್ತದೋ ಇಲ್ಲವೋ.

ಬಳ್ಳಾರಿ ನಗರದವರಿಗೆ ಈ ತಲೆನೋವಿಲ್ಲ. ಅಲ್ಲಿರುವುದು ಕೋಟೆಗುಡ್ಡ ಮತ್ತು ಬಿಸಿಲು. ಕುರುಗೋಡಿನವರಿಗೆ ಕಾಲುವೆ ನೀರು ಗದ್ದೆ ಮುಟ್ಟಿದರೆ ಸಾಕು, ದೋಣಿ ಯಾರಿಗೆ ಬೇಕು? 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹಂಪಿಯೂ ಹೊಸಪೇಟೆಯೂ ಆ ಕಡೆ ಹೋದ ಮೇಲೆ ಬಳ್ಳಾರಿ ಜಿಲ್ಲೆಯಲ್ಲಿ ಹೊಳೆಯ ಉಸಾಬರಿ ಕಂಪ್ಲಿ, ಸಿರುಗುಪ್ಪದವರ ಪಾಲಿಗೆ ಉಳಿಯಿತು.

1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಆನೆಗೊಂದಿಯ ಬಳಿ ಹರಿಗೋಲೆಂಬ ಈ ಬುಟ್ಟಿದೋಣಿ ಕಂಡು ಬರೆದಿಟ್ಟ: ಒಳಗೆ ಬೆತ್ತ, ಹೊರಗೆ ಚರ್ಮ, 15–20 ಜನ ಹಿಡಿಸುತ್ತಾರೆ, ಆದರೆ ನೆಟ್ಟಗೆ ಹೋಗದೆ ಗಿರಗಿರ ತಿರುಗುತ್ತದೆ. ಐನೂರು ವರ್ಷವಾದರೂ ಆ ದೂರನ್ನು ಯಾರೂ ವಿಚಾರಣೆಗೆ ಎತ್ತಿಕೊಂಡಿಲ್ಲ.

ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದವು, ಈಗ ಫೈಬರ್. ಜಗಳ ಇಲ್ಲೇ. ಬಿದಿರಿನದು ಬಂಡೆಗೆ ತಾಗಿದರೆ ಕೊಂಚ ಬಳುಕಿ ಸುಮ್ಮನಾಗುತ್ತದೆ. ತೂತಾದರೆ ಚೀಲದ ತುಂಡಿಟ್ಟು ಬಿಸಿ ಡಾಂಬರು ಬಳಿದರಾಯಿತು. ಬೋರಲು ಹಾಕಿ ತಲೆ ಮೇಲೆ ಹೊತ್ತು ಹೊರಟರಂತೂ ಎರಡು ಕಾಲಿನ ಆಮೆ! ಫೈಬರಿನದು ಪದೇ ಪದೇ ಡಾಂಬರು ಕೇಳುವುದಿಲ್ಲ, ನಿಜ. ಬಿರುಕು ಬಿಟ್ಟಾಗ ಮಾತ್ರ ದಂಡೆಯ ವೈದ್ಯ ನಡೆಯದು.

ಬೇಸಿಗೆಯಲ್ಲಿ ಹೊಳೆ ಸೊರಗಿ ಮರಳು ಕಂಡಾಗ ಖರೀದಿಯ ಮಾತು ಯಾರಿಗೂ ನೆನಪಾಗುವುದಿಲ್ಲ. ತುಂಗಭದ್ರಾ ಅಣೆಕಟ್ಟಿನ ಗೇಟು ಎತ್ತಿದ ಸುದ್ದಿ ಬಂದ ಮೇಲೆ ಅವಸರದ ಚೌಕಾಸಿ ಶುರು. ಅಷ್ಟರಲ್ಲಿ ಹೊಳೆಗಿಳಿಯಬೇಡಿ ಎಂದು ಅಧಿಕಾರಿಗಳು ಡಂಗುರ ಸಾರಿರುತ್ತಾರೆ.