ನಾಭಿಗೋಪನ ಸಿದ್ಧಾಂತ: ‘ಐ ಡ್ರೀಮ್ ಆಫ್ ಜೀನಿ’ಯ ಶಾಸ್ತ್ರೀಯ ಪರಿಶೀಲನೆ

ಅಮೆರಿಕದ ಎನ್‌ಬಿಸಿ ವಾಹಿನಿಯು 1965ರಿಂದ 1970ರವರೆಗೆ 139 ಕಂತುಗಳಲ್ಲಿ ಬಿತ್ತರಿಸಿದ ‘ಐ ಡ್ರೀಮ್ ಆಫ್ ಜೀನಿ’ಯನ್ನು, ಮುಂದೆ ರೋಚಕ ಕಾದಂಬರಿಗಳಿಂದ ಹೆಸರಾದ ಸಿಡ್ನಿ ಶೆಲ್ಡನ್ ಅವರು ನಗಿಸುವುದಕ್ಕಾಗಿ ರಚಿಸಿದರೆಂಬುದು ಲೋಕರೂಢಿಯಾದರೂ, ಅದು ವಸ್ತುತಃ ಗೃಹಸ್ಥಧರ್ಮವನ್ನು ಬೋಧಿಸುವ ಆಕರಗ್ರಂಥವೆಂದು ಪರಿಗಣಿಸಲು ಸಾಕಷ್ಟು ಆಧಾರಗಳಿವೆ.

ಟೋನಿ ನೆಲ್ಸನ್ ಎಂಬ ಗಗನಯಾತ್ರಿಯು ನಿರ್ಜನ ದ್ವೀಪವೊಂದರಲ್ಲಿ ಇಳಿದು, ಅಲ್ಲಿ ಸಿಕ್ಕ ಸೀಸೆಯ ಬಿರಡೆ ತೆಗೆಯಲು, ಎರಡು ಸಾವಿರ ವರ್ಷಗಳಿಂದ ಸೆರೆಯಲ್ಲಿದ್ದ ಜೀನಿ, ಎಂದರೆ ಅರಬ್ಬೀ ಕಥೆಗಳ ಜಿನ್ನಿಯ ಸ್ತ್ರೀರೂಪ, ಹೊರಬಂದು ಅವನನ್ನು ‘ಒಡೆಯ’ನೆಂದು ಕರೆಯುತ್ತ ಫ್ಲಾರಿಡಾದ ಕೊಕೊ ಬೀಚ್‌ನಲ್ಲಿರುವ ಅವನ ಮನೆ ಸೇರುತ್ತಾಳೆ. ಚಂದ್ರನನ್ನು ಮುಟ್ಟಲು ಅಮೆರಿಕ ಸರ್ಕಾರ ಕೋಟ್ಯಂತರ ಡಾಲರ್ ಸುರಿಯುತ್ತಿದ್ದ ಕಾಲದಲ್ಲಿ, ಕೈಕಟ್ಟಿ ರೆಪ್ಪೆ ಬಡಿದು ಯಾರನ್ನಾದರೂ ಎಲ್ಲಿಗಾದರೂ ಕಳಿಸಬಲ್ಲ ಈ ಶಕ್ತಿಯನ್ನು ಸರ್ಕಾರಿ ನೌಕರನೊಬ್ಬ ಮನೆಯಲ್ಲೇ ಬಚ್ಚಿಟ್ಟುಕೊಂಡದ್ದೇಕೆ ಎಂಬ ಪ್ರಶ್ನೆಗೆ, ಗಂಡಸಿನ ಕೆಲಸವು ಕಷ್ಟವಾಗಿಯೇ ಉಳಿಯದಿದ್ದರೆ ಅದು ಗಂಡಸಿನ ಕೆಲಸವೇ ಅಲ್ಲ ಎಂಬುದೊಂದೇ ಉತ್ತರ.

ಮುಖ್ಯ ಪ್ರಮೇಯವಿರುವುದು ಹೊಕ್ಕುಳಿನಲ್ಲಿ. ಜೀನಿಯ ಪಾತ್ರಧಾರಿ ಬಾರ್ಬರಾ ಈಡನ್ ಅವರ ಹೊಟ್ಟೆ ಕಾಣಬಹುದು, ಹೊಕ್ಕುಳು ಕಾಣಕೂಡದು ಎಂದು ವಾಹಿನಿ ವಿಧಿಸಿದ್ದರಿಂದ ಆಕೆಯ ಷರಾಯಿಯ ಪಟ್ಟಿ ಮೇಲೇರಿತು. ಕಥೆಯಲ್ಲಿ ಜೀನಿಗೆ ತಾಯಿಯೂ ಇರುವುದರಿಂದ, ಹೊಕ್ಕುಳಿಲ್ಲದೆ ಆಕೆ ಹುಟ್ಟಿದ ಬಗೆ ಪ್ರಸೂತಿಶಾಸ್ತ್ರಕ್ಕೆ ಬಿಡಿಸಲಾಗದ ಒಗಟು. (ಹೊಕ್ಕುಳಿನಿಂದಲೇ ಬ್ರಹ್ಮನನ್ನು ಹೆತ್ತ ಪದ್ಮನಾಭನ ಭಕ್ತರು ಇಲ್ಲಿ ನಗುವುದು ಸಭ್ಯತೆಯಲ್ಲ.) ಮೊದಲ ಕಂತುಗಳ ಚಿತ್ರೀಕರಣದ ವೇಳೆ ಈಡನ್ ಗರ್ಭಿಣಿಯಾಗಿದ್ದರು, ಅದನ್ನೂ ಮುಸುಕುಗಳಿಂದ ಮರೆಸಲಾಯಿತು.

ಮದುವೆಯಾಗದ ಹೆಣ್ಣುಗಂಡು ಒಂದೇ ಸೂರಿನಡಿ ಇರುವುದು ಹೊಕ್ಕುಳಿಗಿಂತ ಗುರುತರ ದೋಷವಲ್ಲವೇ ಎಂಬುದು ಪೂರ್ವಪಕ್ಷ, ಅಂದರೆ ಎದುರಾಳಿಯ ವಾದ. ಆಕೆ ಮಲಗುವುದು ಸೀಸೆಯೊಳಗಾದ್ದರಿಂದ ಸೂರು ಎರಡೆಂದೇ ಎಣಿಸಬೇಕು. ವಾರವಾರವೂ ಕೇಳಿಬರುತ್ತಿದ್ದ ‘ಒಡೆಯ’ನೆಂಬ ಸಂಬೋಧನೆಗಾದರೋ, ಅದು ಸೊಂಟಕ್ಕಿಂತ ಬಹಳ ಮೇಲಿನ ಬಾಯಿಯಿಂದ ಹೊರಡುತ್ತಿದ್ದುದರಿಂದ, ಯಾವ ಪಟ್ಟಿಯೂ ಬೇಕಾಗಲಿಲ್ಲ.

ಮನುಷ್ಯ ಚಂದ್ರನ ಮೇಲಿಳಿದ 1969ರಲ್ಲೇ, ಡಿಸೆಂಬರಿನಲ್ಲಿ, ನೆಲ್ಸನ್ ಆಕೆಯನ್ನು ವರಿಸಿದನು. ಜಿನ್ನಿಗಳು ಛಾಯಾಚಿತ್ರದಲ್ಲಿ ಮೂಡುವುದಿಲ್ಲವೆಂಬ ನಿಯಮ ಆ ಕಂತಿನಲ್ಲಿ ಎದುರಾಗಿ, ಮದುಮಗಳೇ ಮದುವೆಯ ಫೋಟೋದಲ್ಲಿಲ್ಲದ ಸಂಕಟ ಒದಗಿತು. ಹೊಕ್ಕುಳಿಗಷ್ಟೇ ಸೀಮಿತವಾಗಿದ್ದ ಗೋಪನಕ್ರಮವು ಸರ್ವಾಂಗಕ್ಕೂ ವ್ಯಾಪಿಸಿದ್ದು ಹೀಗೆ.